ಜೊತೆಯಲ್ಲಿ ‘ಪುಕ್ಕಟೆ’ ಬರುವ ಸಾಫ್ಟ್‌ವೇರ್ ಮತ್ತು ಸಣ್ಣ ಕಂಪನಿಯ ಮುಂದಿರುವ ದಾರಿಗಳು

ಪ್ರಶ್ನೆ: ರಾಜಾಜಿನಗರದಲ್ಲಿ 9 ವರ್ಷಗಳಿಂದ 16 ಜನರ ಸಾಫ್ಟ್‌ವೇರ್ ಕಂಪನಿ ನಡೆಸುತ್ತಿದ್ದೇನೆ. ಪೀಣ್ಯದ ಮಷಿನ್ ಶಾಪ್‌ಗಳಲ್ಲಿ, ಬೊಮ್ಮನಹಳ್ಳಿಯ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ಶಿಫ್ಟ್ ಬದಲಾವಣೆ, ರಜೆ, ಸುರಕ್ಷತಾ ಸೂಚನೆಗಳನ್ನು ಕಾರ್ಮಿಕರ ಮೊಬೈಲಿಗೆ ಕನ್ನಡ, ಹಿಂದಿ, ತಮಿಳಿನಲ್ಲಿ ತಲುಪಿಸುವ ಸಂದೇಶ ವ್ಯವಸ್ಥೆ ನಮ್ಮದು. ಒಬ್ಬ ಬಳಕೆದಾರನಿಗೆ ತಿಂಗಳಿಗೆ 60 ರೂಪಾಯಿ ತೆಗೆದುಕೊಳ್ಳುತ್ತೇವೆ. ಎರಡು ವರ್ಷದ ಹಿಂದೆ ಒಂದು ದೈತ್ಯ ಕಂಪನಿಯು ಇಂಥದೇ ಸೌಲಭ್ಯವನ್ನು ತನ್ನ ಆಫೀಸ್ ಪ್ಯಾಕೇಜಿನೊಳಗೆ ಸೇರಿಸಿತು. ಅಂದಿನಿಂದ ನವೀಕರಣಕ್ಕೆ ಹೋದಲ್ಲೆಲ್ಲ ‘ಅದು ಪುಕ್ಕಟೆ ಬರುತ್ತದೆ, ನಿಮಗೇಕೆ ದುಡ್ಡು ಕೊಡಬೇಕು’ ಎಂಬ ಮಾತು ಕೇಳುತ್ತಿದ್ದೇನೆ. ಮೂರರಲ್ಲಿ ಒಬ್ಬ ಗ್ರಾಹಕರು ಬಿಟ್ಟುಹೋಗಿದ್ದಾರೆ. ನಮ್ಮ ಆಡಿಟರ್ ‘ಪುಕ್ಕಟೆ ಕೊಡುವುದನ್ನು ಯಾವ ಕಾನೂನೂ ತಡೆಯದು’ ಎನ್ನುತ್ತಾರೆ. ಗೆಳೆಯರೊಬ್ಬರು ‘ಯುರೋಪಿನಲ್ಲಿ ಇದಕ್ಕೇ ಸಾವಿರಾರು ಕೋಟಿ ದಂಡ ಹಾಕಿದ್ದಾರೆ, ದೂರು ಕೊಡಿ’ ಎನ್ನುತ್ತಾರೆ. ನಾವು ಆ ಕಂಪನಿಯ ಮಾರಾಟ ಪಾಲುದಾರರೂ ಹೌದು. ದೂರು ಕೊಟ್ಟರೆ ಆ ಆದಾಯವೂ ಹೋಗಿ ಸಂಬಳಕ್ಕೇ ಕಷ್ಟವಾಗಬಹುದೆಂಬ ಭಯ. ಏನು ಮಾಡಲಿ?

ಉತ್ತರ: ಪತ್ರದಲ್ಲಿದ್ದ ಕಂಪನಿಯ ಹೆಸರನ್ನು ಇಲ್ಲಿ ಕೈಬಿಟ್ಟಿದ್ದೇನೆ, ಒಂದು ಕಡೆಯ ಮಾತನ್ನಷ್ಟೇ ಕೇಳಿ ಹೆಸರೆತ್ತುವುದು ಸರಿಯಲ್ಲ. ನಿಮ್ಮ ಆತಂಕದಲ್ಲಿ ಎರಡು ಪ್ರಶ್ನೆಗಳು ಹೆಣೆದುಕೊಂಡಿವೆ. ಆ ಕಂಪನಿ ಮಾಡಿದ್ದು ಕಾನೂನಿನ ಉಲ್ಲಂಘನೆಯೇ ಎಂಬುದು ಒಂದು. ಉಲ್ಲಂಘನೆಯೇ ಆಗಿದ್ದರೂ ಅದು ತೀರ್ಮಾನವಾಗುವ ಹೊತ್ತಿಗೆ ನೀವು ಮಾರುಕಟ್ಟೆಯಲ್ಲಿ ಉಳಿದಿರುತ್ತೀರಾ ಎಂಬುದು ಇನ್ನೊಂದು. ಎರಡನೆಯದನ್ನು ನೀವು ನೇರವಾಗಿ ಕೇಳಿಲ್ಲ, ಆದರೆ ಸಂಬಳದ ಮಾತೆತ್ತಿದಾಗ ಮನಸ್ಸಿನಲ್ಲಿದ್ದದ್ದು ಅದೇ ಎಂದು ಭಾವಿಸಿ, ಎರಡಕ್ಕೂ ಉತ್ತರಿಸುತ್ತೇನೆ.

ಮೊದಲು ನಿಮ್ಮ ಆಡಿಟರ್ ಹೇಳಿದ್ದನ್ನು ನೋಡೋಣ. ಹಣ ಕೊಟ್ಟು ಕೊಳ್ಳುವ ಪ್ಯಾಕೇಜಿನೊಳಗೆ ಸೇರಿಸಿದ ವಸ್ತು ಪುಕ್ಕಟೆಯಲ್ಲ. ಅದರ ಬೆಲೆ ಪ್ಯಾಕೇಜಿನ ಬೆಲೆಯೊಳಗೆ ಸೇರಿರುತ್ತದೆ, ಗ್ರಾಹಕನಿಗೆ ಬಿಡಿಯಾಗಿ ಕಾಣುವುದಿಲ್ಲ ಅಷ್ಟೆ. ನಮ್ಮ 2002ರ ಸ್ಪರ್ಧಾ ಕಾಯ್ದೆಯ 4ನೇ ಸೆಕ್ಷನ್ ಪ್ರಬಲ ಸ್ಥಾನದಲ್ಲಿರುವ ಸಂಸ್ಥೆಯು ತನ್ನ ವಸ್ತುವನ್ನು ಕೊಡುವಾಗ ಅದಕ್ಕೆ ಸಂಬಂಧವಿಲ್ಲದ ಹೆಚ್ಚುವರಿ ಷರತ್ತನ್ನು ಹೇರುವುದನ್ನೂ, ಒಂದು ಮಾರುಕಟ್ಟೆಯಲ್ಲಿರುವ ಬಲವನ್ನು ಇನ್ನೊಂದು ಮಾರುಕಟ್ಟೆಗೆ ನುಗ್ಗಲು ಬಳಸುವುದನ್ನೂ ನಿಷೇಧಿಸುತ್ತದೆ. 3ನೇ ಸೆಕ್ಷನ್ ಒಂದನ್ನು ಕೊಳ್ಳಬೇಕಾದರೆ ಇನ್ನೊಂದನ್ನೂ ಕೊಳ್ಳಲೇಬೇಕು ಎಂಬ ಒಪ್ಪಂದಗಳನ್ನು, ಅವು ಸ್ಪರ್ಧೆಗೆ ಗಣನೀಯ ಹಾನಿ ಮಾಡುವುದಾದರೆ, ಅನೂರ್ಜಿತಗೊಳಿಸುತ್ತದೆ. ಆಡಿಟರ್ ಮಾತಿನಲ್ಲಿ ಸತ್ಯವಿರುವುದು ಒಂದು ಕಡೆ ಮಾತ್ರ: ‘ವೆಚ್ಚಕ್ಕಿಂತ ಕಡಿಮೆ ಬೆಲೆಗೆ ಮಾರಿ ನಮ್ಮನ್ನು ಮುಳುಗಿಸುತ್ತಿದ್ದಾರೆ’ ಎಂಬ ವಾದ ಸಾಫ್ಟ್‌ವೇರ್ ವಿಷಯದಲ್ಲಿ ನಿಲ್ಲುವುದು ಕಷ್ಟ. ಒಮ್ಮೆ ಬರೆದ ತಂತ್ರಾಂಶದ ಇನ್ನೊಂದು ಪ್ರತಿ ಕೊಡಲು ತಗಲುವ ವೆಚ್ಚ ಬಹಳ ಕಡಿಮೆಯಾದ್ದರಿಂದ, ಯಾವ ಬೆಲೆ ವೆಚ್ಚಕ್ಕಿಂತ ಕೆಳಗಿದೆ ಎಂದು ತೋರಿಸುವುದೇ ಒಗಟಾಗುತ್ತದೆ. ಆದ್ದರಿಂದ ನಿಮ್ಮ ವಾದವನ್ನು ಬೆಲೆ ಕಡಿಮೆ ಎಂಬುದರ ಮೇಲೆ ಕಟ್ಟಬೇಡಿ, ಜೋಡಿಸಿ ಮಾರುವುದರ ಮೇಲೆ ಕಟ್ಟಿ.

ಗೆಳೆಯರ ಮಾತು ಇನ್ನೊಂದು ತುದಿಗೆ ಹೋಗುತ್ತದೆ. ಯುರೋಪಿನಲ್ಲಿ ದಂಡ ಬಿದ್ದದ್ದು ನಿಜ; 2004ರಲ್ಲಿ ವಿಂಡೋಸ್ ಜೊತೆ ಮೀಡಿಯಾ ಪ್ಲೇಯರ್ ಜೋಡಿಸಿದ್ದು ಸೇರಿದಂತೆ ಎರಡು ತಪ್ಪುಗಳಿಗೆ ಮೈಕ್ರೋಸಾಫ್ಟ್ 49.7 ಕೋಟಿ ಯೂರೋ ದಂಡ ತೆರಬೇಕಾಯಿತು. ಆದರೆ ದೊಡ್ಡದಾಗಿರುವುದು ಯಾವ ದೇಶದಲ್ಲೂ ಅಪರಾಧವಲ್ಲ. ನಮ್ಮಲ್ಲಿ 1969ರ ಏಕಸ್ವಾಮ್ಯ ಕಾಯ್ದೆ ಗಾತ್ರವನ್ನೇ ಅನುಮಾನದಿಂದ ನೋಡುತ್ತಿತ್ತು. ಅದರ ಜಾಗಕ್ಕೆ ಬಂದ ಇಂದಿನ ಕಾಯ್ದೆ ಪ್ರಾಬಲ್ಯದ ದುರ್ಬಳಕೆಯನ್ನು ಮಾತ್ರ ಪ್ರಶ್ನಿಸುತ್ತದೆ. ಇನ್ನೂ ಒಂದು ಮಾತು ನಿಮಗೆ ಕಹಿಯೆನಿಸಬಹುದು: ನೀವು ಗ್ರಾಹಕರನ್ನು ಕಳೆದುಕೊಂಡದ್ದು ತನ್ನಷ್ಟಕ್ಕೆ ಸಾಕ್ಷ್ಯವಾಗುವುದಿಲ್ಲ. ಒಳ್ಳೆಯ ಪ್ರತಿಸ್ಪರ್ಧಿ ಬಂದರೂ ಗ್ರಾಹಕರು ಹೋಗುತ್ತಾರೆ. ನಿಮ್ಮ ಗ್ರಾಹಕನಿಗೆ ಬೇರೆ ಆಯ್ಕೆಯೇ ಉಳಿಯದಂತೆ ಮಾಡಲಾಯಿತು ಎಂಬುದು ಸಾಕ್ಷ್ಯ. ಈ ಕಾಯ್ದೆಯ ಕೆಲಸ ಮಾಡಿದ ವರ್ಷಗಳಲ್ಲಿ ನನ್ನ ಬಳಿ ಬಂದ ಸಣ್ಣ ಉದ್ಯಮಿಗಳಲ್ಲಿ ಹೆಚ್ಚಿನವರು ಮೊದಲನೆಯದರ ಕಡತ ತಂದಿರುತ್ತಾರೆ, ಎರಡನೆಯದರ ಬಗ್ಗೆ ಒಂದು ಹಾಳೆಯೂ ಇರುವುದಿಲ್ಲ.

ಜೋಡಿಸಿ ಮಾರುವುದರಲ್ಲೇ ಒಳ್ಳೆಯದೂ ಕೆಟ್ಟದ್ದೂ ಇರುವುದರಿಂದ ಕಾನೂನು ಇಷ್ಟು ಎಚ್ಚರ ವಹಿಸುತ್ತದೆ. ನಮ್ಮ ದರ್ಶಿನಿಗಳಲ್ಲಿ ‘ಊಟ’ ಎಂದರೆ ಚಪಾತಿ, ಪಲ್ಯ, ಅನ್ನ, ಸಾರು, ಮೊಸರು ಎಲ್ಲ ಒಂದೇ ತಟ್ಟೆಯಲ್ಲಿ, ಒಂದೇ ದರಕ್ಕೆ ಬರುತ್ತದೆ. ಬಿಡಿಬಿಡಿಯಾಗಿ ಕೊಂಡರೆ ಹೆಚ್ಚು ಬೀಳುತ್ತದೆ. ಅದರಿಂದ ಉಣ್ಣುವವನಿಗೂ ಲಾಭ, ಅಡುಗೆಮನೆಗೂ ಲಾಭ, ಬರೀ ಮೊಸರನ್ನ ಬೇಕಾದವನಿಗೆ ಅದೂ ಸಿಗುತ್ತದೆ. ಇದಕ್ಕೆ ವಿರುದ್ಧವಾದದ್ದು ಮುಂಗಾರಿನಲ್ಲಿ ರೈತರು ದೂರುವ ‘ಲಿಂಕ್’ ಗೊಬ್ಬರ: ಯೂರಿಯಾ ಬೇಕಾದರೆ ಬೇಡದ ಇನ್ನೊಂದು ಚೀಲವನ್ನೋ ಬಾಟಲಿಯನ್ನೋ ಜೊತೆಗೆ ಕೊಳ್ಳಲೇಬೇಕು, ಇಲ್ಲದಿದ್ದರೆ ಯೂರಿಯಾವೂ ಇಲ್ಲ. ಸಾಫ್ಟ್‌ವೇರ್ ಪ್ಯಾಕೇಜುಗಳು ಈ ಎರಡರ ನಡುವೆ ಎಲ್ಲೋ ಇರುತ್ತವೆ, ಮತ್ತು ನಿಮ್ಮ ಪ್ರಕರಣ ಯಾವುದಕ್ಕೆ ಹತ್ತಿರ ಎಂಬುದೇ ಇಡೀ ವಿವಾದ.

ಅದನ್ನು ಅಳೆಯಲು ಸ್ಪರ್ಧಾ ಆಯೋಗಗಳೂ ನ್ಯಾಯಾಲಯಗಳೂ ಸಾಮಾನ್ಯವಾಗಿ ನಾಲ್ಕು ಸಂಗತಿ ನೋಡುತ್ತವೆ. ಜೋಡಿಸಿದ ಎರಡೂ ನಿಜವಾಗಿ ಬೇರೆಬೇರೆ ಉತ್ಪನ್ನಗಳೇ. ಮೊದಲನೆಯದರಲ್ಲಿ ಮಾರುವವನಿಗೆ ಪ್ರಾಬಲ್ಯವಿದೆಯೇ. ಎರಡನೆಯದಿಲ್ಲದೆ ಮೊದಲನೆಯದನ್ನು ಕೊಳ್ಳಲು ಗ್ರಾಹಕನಿಗೆ ಅವಕಾಶವಿದೆಯೇ. ಇದರಿಂದ ಎರಡನೆಯ ಮಾರುಕಟ್ಟೆಯಲ್ಲಿ ಉಳಿದವರಿಗೆ ಬಾಗಿಲು ಮುಚ್ಚಿತೇ. ನಿಮ್ಮ ಸಂದೇಶ ವ್ಯವಸ್ಥೆ 9 ವರ್ಷ ತಾನೇ ತಾನಾಗಿ ಮಾರಾಟವಾಗಿದೆ ಎಂಬುದರಿಂದ ಮೊದಲನೆಯ ಪ್ರಶ್ನೆ ನಿಮ್ಮ ಪರವಾಗಿಯೇ ಇತ್ಯರ್ಥವಾಗಬೇಕು. ಎರಡನೆಯದು ಕಷ್ಟದ್ದು. ನಮ್ಮ ಕಾಯ್ದೆಯಲ್ಲಿ ಇಷ್ಟು ಶೇಕಡಾ ಪಾಲಿದ್ದರೆ ಪ್ರಾಬಲ್ಯ ಎಂಬ ಗೆರೆ ಇಲ್ಲ. ಮಾರುಕಟ್ಟೆಯ ಪಾಲು, ಸಂಪನ್ಮೂಲ, ಗ್ರಾಹಕರ ಅವಲಂಬನೆ, ಹೊಸಬರಿಗಿರುವ ಅಡೆತಡೆ ಎಲ್ಲವನ್ನೂ 19ನೇ ಸೆಕ್ಷನ್ ಪ್ರಕಾರ ತೂಗುತ್ತಾರೆ. ‘ಆಫೀಸ್ ಪ್ಯಾಕೇಜುಗಳಿಗೆ ಬೇರೆ ಕಂಪನಿಗಳೂ ಇವೆ’ ಎಂದು ಎದುರಿನವರು ವಾದಿಸುವುದು ಖಂಡಿತ. ಒಂದು ಕಾರ್ಖಾನೆಯ ಹಳೆಯ ಇಮೇಲ್, ಕಡತಗಳು, ಸಿಬ್ಬಂದಿಯ ರೂಢಿ ಎಲ್ಲ ಒಂದೇ ಕಡೆ ಇರುವಾಗ ಬೇರೆಡೆಗೆ ಹೋಗುವುದು ಎಷ್ಟು ದುಬಾರಿ ಎಂದು ನೀವು ತೋರಿಸಬೇಕಾಗುತ್ತದೆ.

ನಮ್ಮ ದೇಶದ ಎರಡು ತೀರ್ಮಾನಗಳನ್ನು ಅಕ್ಕಪಕ್ಕ ಇಟ್ಟರೆ ನಿಮ್ಮ ಸ್ಥಾನ ಚೆನ್ನಾಗಿ ಅರ್ಥವಾಗುತ್ತದೆ. 2022ರ ಅಕ್ಟೋಬರ್ 20ರಂದು ಭಾರತೀಯ ಸ್ಪರ್ಧಾ ಆಯೋಗವು ಆಂಡ್ರಾಯ್ಡ್ ಪ್ರಕರಣದಲ್ಲಿ ಗೂಗಲ್‌ಗೆ 1,337.76 ಕೋಟಿ ರೂಪಾಯಿ ದಂಡ ವಿಧಿಸಿತು. ಪ್ಲೇ ಸ್ಟೋರ್ ಬೇಕಾದ ಫೋನ್ ತಯಾರಕರು ಗೂಗಲ್‌ನ ಆ್ಯಪ್‌ಗಳ ಇಡೀ ಗುಚ್ಛವನ್ನೇ ಮೊದಲೇ ಹಾಕಿಕೊಡಬೇಕು, ಅವು ಕಣ್ಣಿಗೆ ಬೀಳುವಲ್ಲೇ ಇರಬೇಕು ಎಂಬ ಒಪ್ಪಂದ ಅಲ್ಲಿತ್ತು. ಮೇಲ್ಮನವಿ ನ್ಯಾಯಮಂಡಳಿ 2023ರ ಮಾರ್ಚ್‌ನಲ್ಲಿ ನಾಲ್ಕು ನಿರ್ದೇಶನಗಳನ್ನು ಕೈಬಿಟ್ಟರೂ ದಂಡವನ್ನು ಎತ್ತಿಹಿಡಿಯಿತು. ಆ ಪ್ರಕರಣಕ್ಕೆ ಮೂಲವಾದ ಮಾಹಿತಿಯನ್ನು ಆಯೋಗಕ್ಕೆ ಕೊಟ್ಟವರು ಯಾವ ಪ್ರತಿಸ್ಪರ್ಧಿ ಕಂಪನಿಯೂ ಅಲ್ಲ, ಮೂವರು ಯುವಜನರು. ‘ನನ್ನಂಥವರ ಮಾತು ಅಲ್ಲಿ ನಡೆಯುತ್ತದೆಯೇ’ ಎಂಬ ಅಳುಕಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನ್ನ ಬಳಿ ಇಲ್ಲ. ಇನ್ನೊಂದು ತೀರ್ಮಾನ ನಿಮಗೆ ಪ್ರತಿಕೂಲ. ವಿಂಡೋಸ್ ಜೊತೆಗೆ ಡಿಫೆಂಡರ್ ಎಂಬ ವೈರಸ್ ನಿರೋಧಕ ತಂತ್ರಾಂಶ ಸೇರಿಸಿ ಕೊಡುವುದರ ವಿರುದ್ಧ ಬಂದ ದೂರನ್ನು ಆಯೋಗ 2025ರಲ್ಲಿ ತನಿಖೆಗೂ ಕಳುಹಿಸದೆ ಮುಕ್ತಾಯಗೊಳಿಸಿತು. ಬೇರೆಯವರ ತಂತ್ರಾಂಶ ಹಾಕಿಕೊಳ್ಳಲು ಬಳಕೆದಾರರಿಗೆ ಅಡ್ಡಿಯಿಲ್ಲ, ಪ್ರತಿಸ್ಪರ್ಧಿಗಳನ್ನು ಹೊರದೂಡಿದ್ದಕ್ಕೆ ಆಧಾರವಿಲ್ಲ ಎಂಬುದು ಅಲ್ಲಿನ ನಿಲುವಿನ ತಿರುಳು.

ನಿಮ್ಮ ಎದುರಾಳಿಯ ವಕೀಲರು ಮೊದಲು ತೆರೆಯುವುದು ಈ ಎರಡನೆಯ ಆದೇಶವನ್ನೇ. ‘ಪೀಣ್ಯದ ಕಾರ್ಖಾನೆ ನಮ್ಮ ಪ್ಯಾಕೇಜನ್ನೂ ಇಟ್ಟುಕೊಂಡು ಇವರ ವ್ಯವಸ್ಥೆಯನ್ನೂ ಬಳಸಬಹುದಲ್ಲ, ತಡೆದವರು ಯಾರು’ ಎಂದು ಕೇಳುತ್ತಾರೆ. ಅದಕ್ಕೆ ಉತ್ತರ ಬೆಲೆಯ ಲೆಕ್ಕದಲ್ಲಿದೆ, ಆದ್ದರಿಂದ ಆ ಲೆಕ್ಕವನ್ನು ಇಲ್ಲೇ ಮಾಡಿ ತೋರಿಸುತ್ತೇನೆ.

ಸಂದೇಶ ಸೌಲಭ್ಯ ಸೇರಿದ ಪ್ಯಾಕೇಜಿನ ಬೆಲೆ ಒಬ್ಬ ಬಳಕೆದಾರನಿಗೆ ತಿಂಗಳಿಗೆ 600 ರೂಪಾಯಿ ಎಂದು ಉದಾಹರಣೆಗಷ್ಟೇ ಇಟ್ಟುಕೊಳ್ಳಿ. ಆ ಸೌಲಭ್ಯವಿಲ್ಲದ ಪ್ಯಾಕೇಜು 540ಕ್ಕೆ ಸಿಗುವುದಾದರೆ, ನೀವು 60 ರೂಪಾಯಿಗೆ ಅವರೊಂದಿಗೆ ಸಮಬಲದಲ್ಲಿ ಸ್ಪರ್ಧಿಸುತ್ತಿದ್ದೀರಿ. ಸೋತರೆ ಅದು ಗುಣಮಟ್ಟದ ಸೋಲು, ಕಾನೂನು ನಿಮ್ಮ ನೆರವಿಗೆ ಬರುವುದಿಲ್ಲ. ಅದಿಲ್ಲದ ಪ್ಯಾಕೇಜಿಗೆ 590 ಇದ್ದರೆ, ನೀವು ನಿಜವಾಗಿ ಸೆಣಸುತ್ತಿರುವುದು 10 ರೂಪಾಯಿಯ ಉತ್ಪನ್ನದ ಜೊತೆ, ಮತ್ತು ನಿಮ್ಮಷ್ಟೇ ದಕ್ಷತೆಯಿರುವ ಯಾವ ಕಂಪನಿಯೂ ಆ ಬೆಲೆಗೆ ಬದುಕಲಾರದು ಎಂದು ತೋರಿಸಬಹುದು. ಅದಿಲ್ಲದ ಪ್ಯಾಕೇಜನ್ನು ಮಾರುವುದೇ ಇಲ್ಲವಾದರೆ ಗ್ರಾಹಕನಿಗೆ ಉಳಿತಾಯ ಸೊನ್ನೆ. ನಿಮ್ಮದನ್ನು ಕೊಂಡರೆ ಅವನು ಒಂದೇ ಕೆಲಸಕ್ಕೆ ಎರಡು ಸಲ ಹಣ ಕೊಟ್ಟಂತೆ. ನೀವು ಪತ್ರದಲ್ಲಿ ಈ ಒಂದು ಸಂಗತಿಯನ್ನು ತಿಳಿಸಿಲ್ಲ. ನಿಮ್ಮ ಗ್ರಾಹಕರ ಬಿಲ್ಲಿನಲ್ಲಿ ಆ ಆಯ್ಕೆ ಇದೆಯೇ, ಇದ್ದರೆ ಎಷ್ಟು ಅಂತರ ಎಂಬುದನ್ನು ಬೇರೆ ಎಲ್ಲಕ್ಕಿಂತ ಮೊದಲು ಪತ್ತೆ ಮಾಡಿ.

ಇದು ನನ್ನ ಸ್ವಂತ ಕಲ್ಪನೆಯ ಲೆಕ್ಕವಲ್ಲ, ಯುರೋಪು ಎಡವಿ ಕಲಿತದ್ದು. 2004ರ ಆದೇಶದಂತೆ ಮೈಕ್ರೋಸಾಫ್ಟ್ ಮೀಡಿಯಾ ಪ್ಲೇಯರ್ ಇಲ್ಲದ ವಿಂಡೋಸನ್ನು ಮಾರುಕಟ್ಟೆಗೆ ತಂದಿತು, ಆದರೆ ಬೆಲೆ ಮಾತ್ರ ಪ್ಲೇಯರ್ ಇದ್ದದ್ದರಷ್ಟೇ ಇತ್ತು. ಒಂದೇ ದುಡ್ಡಿಗೆ ಕಡಿಮೆ ಸಿಗುವುದನ್ನು ಯಾರು ಕೊಳ್ಳುತ್ತಾರೆ? ಕೊಂಡವರು ಇಲ್ಲವೆನ್ನುವಷ್ಟು ಕಡಿಮೆ, ಪ್ರತಿಸ್ಪರ್ಧಿಗಳಿಗೆ ಆ ಆದೇಶದಿಂದ ಆದ ಉಪಕಾರವೂ ಅಷ್ಟೇ. ಎರಡು ದಶಕಗಳ ಬಳಿಕ, ಮೈಕ್ರೋಸಾಫ್ಟ್ ತನ್ನ ಆಫೀಸ್ ಪ್ಯಾಕೇಜಿಗೆ ಟೀಮ್ಸ್ ಎಂಬ ಸಂದೇಶ ಮತ್ತು ಸಭೆಯ ತಂತ್ರಾಂಶವನ್ನು ಜೋಡಿಸಿದ ಪ್ರಕರಣದಲ್ಲಿ, ಯುರೋಪಿಯನ್ ಆಯೋಗ ಆ ತಪ್ಪನ್ನು ಮರುಕಳಿಸಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಮೈಕ್ರೋಸಾಫ್ಟ್ ಕೊಟ್ಟು ಆಯೋಗ ಒಪ್ಪಿದ ಬದ್ಧತೆಗಳ ಪ್ರಕಾರ ಟೀಮ್ಸ್ ಇಲ್ಲದ ಪ್ಯಾಕೇಜುಗಳು ಕಡಿಮೆ ಬೆಲೆಗೆ ಸಿಗಬೇಕು, ಕೆಲವು ಪ್ಯಾಕೇಜುಗಳಲ್ಲಿ ಆ ಬೆಲೆ ಅಂತರವನ್ನು ಮೊದಲು ಮುಂದಿಟ್ಟಿದ್ದಕ್ಕಿಂತ ಶೇ 50ರಷ್ಟು ಹೆಚ್ಚಿಸಬೇಕು, ಪ್ರತಿಸ್ಪರ್ಧಿಗಳ ತಂತ್ರಾಂಶ ಆಫೀಸ್ ಉತ್ಪನ್ನಗಳೊಂದಿಗೆ ಸರಾಗವಾಗಿ ಹೊಂದಿಕೊಂಡು ಕೆಲಸ ಮಾಡುವಂತೆ ಬಾಗಿಲು ತೆರೆದಿಡಬೇಕು. ನೀವು ಯಾವತ್ತಾದರೂ ಪರಿಹಾರ ಕೇಳುವ ಹಂತಕ್ಕೆ ಬಂದರೆ ದಂಡದ ಮೊತ್ತದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಅದು ಸರ್ಕಾರದ ಖಜಾನೆಗೆ ಹೋಗುತ್ತದೆ, ನಿಮಗಲ್ಲ. ಬೆಲೆಯ ಅಂತರ ಮತ್ತು ಹೊಂದಾಣಿಕೆಯ ಹಕ್ಕು, ಈ ಎರಡನ್ನು ಕೇಳಿ.

ಈಗ ಸಮಯದ ಮಾತು. ಅಮೆರಿಕದ ಸರ್ಕಾರ ಬ್ರೌಸರ್ ಜೋಡಣೆಯ ವಿಷಯದಲ್ಲಿ ಮೈಕ್ರೋಸಾಫ್ಟ್ ವಿರುದ್ಧ ಮೊಕದ್ದಮೆ ಹೂಡಿದ್ದು 1998ರ ಮೇ ತಿಂಗಳಲ್ಲಿ. ಕಂಪನಿಯನ್ನು ಎರಡಾಗಿ ಒಡೆಯಬೇಕೆಂಬ ಕೆಳ ನ್ಯಾಯಾಲಯದ ಆದೇಶವನ್ನು ಮೇಲಿನ ನ್ಯಾಯಾಲಯ 2001ರ ಜೂನ್‌ನಲ್ಲಿ ರದ್ದುಪಡಿಸಿತು. ಏಕಸ್ವಾಮ್ಯವನ್ನು ಅಕ್ರಮವಾಗಿ ಕಾಪಾಡಿಕೊಂಡ ತಪ್ಪನ್ನು ಮಾತ್ರ ಎತ್ತಿಹಿಡಿಯಿತು. ಅಷ್ಟು ಹೊತ್ತಿಗೆ, ಯಾರ ಹೆಸರಿನಲ್ಲಿ ಈ ಜಗಳ ಶುರುವಾಗಿತ್ತೋ ಆ ಬ್ರೌಸರ್ ಕಂಪನಿ ನೆಟ್‌ಸ್ಕೇಪ್ ಸ್ವತಂತ್ರ ಕಂಪನಿಯಾಗಿ ಉಳಿದಿರಲಿಲ್ಲ, 1999ರಲ್ಲೇ ಎಓಎಲ್ ಪಾಲಾಗಿತ್ತು. ಟೀಮ್ಸ್ ವಿಷಯದಲ್ಲಿ ಪ್ರತಿಸ್ಪರ್ಧಿ ಕಂಪನಿ ಸ್ಲ್ಯಾಕ್ ದೂರು ಕೊಟ್ಟಿದ್ದು 2020ರ ಜುಲೈನಲ್ಲಿ, ಬದ್ಧತೆಗಳು ಬಂದದ್ದು ಐದು ವರ್ಷದ ಮೇಲೆ. ನಡುವೆ 2021ರಲ್ಲಿ ಸ್ಲ್ಯಾಕ್ ಕೂಡ ಸೇಲ್ಸ್‌ಫೋರ್ಸ್‌ಗೆ ಸೇರಿಹೋಯಿತು. ನಮ್ಮಲ್ಲೂ ಬೇರೆಯಿಲ್ಲ. ಆಂಡ್ರಾಯ್ಡ್ ತನಿಖೆಗೆ ಆಯೋಗ 2019ರ ಏಪ್ರಿಲ್‌ನಲ್ಲಿ ಆದೇಶಿಸಿತ್ತು, ತೀರ್ಮಾನಕ್ಕೆ ಮೂರೂವರೆ ವರ್ಷ ಹಿಡಿಯಿತು. ಅಮೆಜಾನ್ ಮತ್ತು ಫ್ಲಿಪ್‌ಕಾರ್ಟ್ ವಿರುದ್ಧ 2020ರ ಜನವರಿಯಲ್ಲಿ ಆದೇಶಿಸಿದ ತನಿಖೆಗೆ ನಮ್ಮ ಹೈಕೋರ್ಟ್ ಮರುತಿಂಗಳೇ ತಡೆ ನೀಡಿತ್ತು. ಆ ಕಂಪನಿಗಳ ರಿಟ್ ಅರ್ಜಿಗಳು ವಜಾ ಆಗಿದ್ದು 2021ರ ಜೂನ್‌ನಲ್ಲಿ. ಅಷ್ಟರಲ್ಲಿ ಹದಿನಾರು ತಿಂಗಳು ಕಳೆದಿದ್ದವು, ಮತ್ತು ಅದು ತನಿಖೆ ಶುರುವಾಗಬಹುದೇ ಎಂಬ ಪ್ರಶ್ನೆಗೆ ಮಾತ್ರ. ವಿಚಾರಣೆ ನಡೆಯುವಾಗಲೇ ತಾತ್ಕಾಲಿಕ ತಡೆ ನೀಡುವ ಅಧಿಕಾರ 33ನೇ ಸೆಕ್ಷನ್ ಪ್ರಕಾರ ಆಯೋಗಕ್ಕಿದೆ, ಆದರೆ ಅದನ್ನು ಬಳಸುವುದು ಅಪರೂಪ. ಹಾಗಾಗಿ ದೂರು ಕೊಡುವುದನ್ನು ವ್ಯಾಪಾರ ಉಳಿಸಿಕೊಳ್ಳುವ ಯೋಜನೆ ಎಂದು ಎಣಿಸಬೇಡಿ. ಅವೆರಡೂ ಬೇರೆ ಬೇರೆ ನಡೆಯಬೇಕಾದ ಕೆಲಸಗಳು.

ನಿಮ್ಮ ಮುಂದಿರುವ ದಾರಿಗಳಲ್ಲಿ ಮೊದಲನೆಯದು, ಸದ್ದಿಲ್ಲದ್ದು, ಆ ಕಂಪನಿಗೆ ಬರೆದು ಕೇಳುವುದು. ಸಂದೇಶ ಸೌಲಭ್ಯವಿಲ್ಲದ ಪ್ಯಾಕೇಜಿನ ದರವೇನು, ನಿಮ್ಮ ವ್ಯವಸ್ಥೆಯು ಅವರ ಕ್ಯಾಲೆಂಡರ್ ಮತ್ತು ಸಿಬ್ಬಂದಿ ಪಟ್ಟಿಯೊಂದಿಗೆ ಕೆಲಸ ಮಾಡಲು ಬೇಕಾದ ತಾಂತ್ರಿಕ ಪ್ರವೇಶವನ್ನು ತಮ್ಮ ಸೌಲಭ್ಯಕ್ಕೆ ಕೊಟ್ಟಷ್ಟೇ ನಿಮಗೂ ಕೊಡುತ್ತಾರೆಯೇ ಎಂದು ಕೇಳಿ. ಮಾರಾಟ ಪಾಲುದಾರರಾಗಿ ಇದನ್ನು ಕೇಳಲು ನಿಮಗೆ ಸಹಜವಾದ ಕಾರಣವಿದೆ, ಯಾರೂ ಇದನ್ನು ಯುದ್ಧ ಘೋಷಣೆ ಎಂದು ಓದುವುದಿಲ್ಲ. ‘ಇಲ್ಲ’ ಎಂಬ ಲಿಖಿತ ಉತ್ತರ ಬಂದರೆ ಅದು ಮೇಲೆ ಹೇಳಿದ ನಾಲ್ಕರಲ್ಲಿ ಮೂರನೆಯ ಪ್ರಶ್ನೆಗೆ ನಿಮ್ಮ ಅತ್ಯುತ್ತಮ ಸಾಕ್ಷ್ಯ. ‘ಹೌದು’ ಎಂದು ಬಂದರೆ ನಾಳೆಯೇ ಅದನ್ನು ಹಿಡಿದು ಗ್ರಾಹಕರ ಬಳಿಗೆ ಹೋಗಬಹುದು. ಈ ಪತ್ರ ಬರೆಯಲು ಹಿಂಜರಿದು ನೇರವಾಗಿ ದೂರಿಗೆ ಧಾವಿಸಿದವರು ಆಮೇಲೆ ಪೇಚಾಡಿದ್ದನ್ನು ಕಂಡಿದ್ದೇನೆ.

ಎರಡನೆಯದು ಆಯೋಗಕ್ಕೆ ಮಾಹಿತಿ ಸಲ್ಲಿಸುವುದು. ಕಾಯ್ದೆ ‘ದೂರು’ ಎನ್ನುವುದಿಲ್ಲ, ‘ಮಾಹಿತಿ’ ಎನ್ನುತ್ತದೆ, ಮತ್ತು ಆ ಪದಕ್ಕೆ ತಕ್ಕಂತೆ ಅದು ನಿಮ್ಮಿಬ್ಬರ ಖಾಸಗಿ ವ್ಯಾಜ್ಯವಾಗಿ ಉಳಿಯದೆ ಮಾರುಕಟ್ಟೆಯ ವಿಚಾರಣೆಯಾಗುತ್ತದೆ. ಯಾವುದೇ ವ್ಯಕ್ತಿ, ಗ್ರಾಹಕ, ವ್ಯಾಪಾರ ಸಂಘ ಇದನ್ನು ಸಲ್ಲಿಸಬಹುದು. ಮೇಲ್ನೋಟಕ್ಕೆ ಹುರುಳಿದೆ ಎನಿಸಿದರೆ ಆಯೋಗ ತನ್ನ ತನಿಖಾ ವಿಭಾಗದ ಮಹಾನಿರ್ದೇಶಕರಿಗೆ ತನಿಖೆ ಒಪ್ಪಿಸುತ್ತದೆ, ಇಲ್ಲದಿದ್ದರೆ ಅಲ್ಲೇ ಮುಗಿಸುತ್ತದೆ. 2023ರ ತಿದ್ದುಪಡಿಯ ನಂತರ ಎದುರಿನ ಕಂಪನಿ ಇತ್ಯರ್ಥಕ್ಕೆ ಮುಂದಾಗಲೂ ಅವಕಾಶವಿದೆ. 2025ರ ಏಪ್ರಿಲ್‌ನಲ್ಲಿ ಆಂಡ್ರಾಯ್ಡ್ ಟಿವಿ ಪ್ರಕರಣ ಹಾಗೇ ಮುಗಿದು, ಪ್ಲೇ ಸ್ಟೋರ್ ಮತ್ತು ಪ್ಲೇ ಸೇವೆಗಳಿಗೆ ಬೇರೆಯದೇ ಪರವಾನಗಿ ಕೊಡಲು ಗೂಗಲ್ ಒಪ್ಪಿ 20.24 ಕೋಟಿ ರೂಪಾಯಿ ಕಟ್ಟಿತು. ನಿಮ್ಮ ನಷ್ಟಕ್ಕೆ ಪರಿಹಾರ ಬೇಕಾದರೆ ತಪ್ಪು ಸಾಬೀತಾದ ಮೇಲೆ ಮೇಲ್ಮನವಿ ನ್ಯಾಯಮಂಡಳಿಯಲ್ಲಿ ಪ್ರತ್ಯೇಕ ಅರ್ಜಿ ಹಾಕಬೇಕು. ಆ ದಾರಿ ಬಹಳ ಉದ್ದ. ಅದರ ಮೇಲೆ ಸಾಲ ಮಾಡಬೇಡಿ.

ಪಾಲುದಾರಿಕೆ ಕಳೆದುಕೊಳ್ಳುವ ನಿಮ್ಮ ಭಯ ಆಧಾರವಿಲ್ಲದ್ದಲ್ಲ. ಮಾಹಿತಿದಾರರ ಗುರುತನ್ನು ಗೋಪ್ಯವಾಗಿಡುವಂತೆ ಆಯೋಗವನ್ನು ಕೋರಬಹುದು, ಆದರೆ ಕನ್ನಡ, ಹಿಂದಿ, ತಮಿಳಿನ ಕಾರ್ಖಾನೆ ಸಂದೇಶ ವ್ಯವಸ್ಥೆ ನಡೆಸುವವರು ಈ ಊರಿನಲ್ಲಿ ಎಷ್ಟು ಮಂದಿ ಇದ್ದಾರೆ? ವಿವರ ಓದಿದರೆ ಯಾರೆಂದು ಊಹಿಸುವುದು ಕಷ್ಟವಲ್ಲ. ನಿಮ್ಮ ಪಾಲುದಾರಿಕೆ ಒಪ್ಪಂದದಲ್ಲಿ ಕಾರಣ ಕೊಡದೆ ಎಷ್ಟು ದಿನದ ನೋಟಿಸ್‌ನಲ್ಲಿ ಕೈಬಿಡಬಹುದು ಎಂಬ ಷರತ್ತನ್ನು ಇಂದೇ ಓದಿ, ಆ ಆದಾಯವಿಲ್ಲದೆ ಎಷ್ಟು ತಿಂಗಳು ಸಂಬಳ ಕೊಡಬಲ್ಲಿರಿ ಎಂದು ಆಡಿಟರ್ ಜೊತೆ ಕೂತು ಲೆಕ್ಕ ಹಾಕಿ. ಉತ್ತರ ಆರು ತಿಂಗಳಿಗಿಂತ ಕಡಿಮೆಯಿದ್ದರೆ, ನಿಮ್ಮ ಹೆಸರಿನಲ್ಲಿ ಒಬ್ಬರೇ ಮುಂದೆ ಹೋಗಬೇಡಿ ಎಂಬುದು ನನ್ನ ಸಲಹೆ.

ಅದಕ್ಕೇ ಮೂರನೆಯ ದಾರಿ ನನಗೆ ಹೆಚ್ಚು ಹಿಡಿಸುತ್ತದೆ. ನಿಮ್ಮ ಗ್ರಾಹಕರಲ್ಲಿ ಹಲವರು ಪೀಣ್ಯದ ಕೈಗಾರಿಕಾ ಸಂಘದಲ್ಲೋ ರಾಜ್ಯದ ಸಣ್ಣ ಕೈಗಾರಿಕೆಗಳ ಸಂಘವಾದ ಕಾಸಿಯಾದಲ್ಲೋ ಸದಸ್ಯರಾಗಿರುತ್ತಾರೆ. ಬೇಡದ ಸೌಲಭ್ಯಕ್ಕೂ ಸೇರಿಸಿ ಹಣ ಕೊಡುತ್ತಿರುವವರು ಅವರೇ. ಪ್ರತಿಸ್ಪರ್ಧಿಯ ಮಾತನ್ನು ಆಯೋಗ ಹೊಟ್ಟೆಕಿಚ್ಚೆಂದು ಸಂಶಯಿಸಬಹುದು, ‘ನಮಗೆ ಬಿಡಿಯಾಗಿ ಬೇಕು, ಕೊಡುತ್ತಿಲ್ಲ’ ಎಂದು ಕೊಳ್ಳುವವರೇ ಸಂಘದ ಮೂಲಕ ಹೇಳಿದಾಗ ಅದನ್ನು ತಳ್ಳಿಹಾಕುವುದು ಸುಲಭವಲ್ಲ. ಸಂಘ ಒಪ್ಪದೆಯೂ ಇರಬಹುದು. ದೊಡ್ಡ ಕಂಪನಿಯ ರಿಯಾಯಿತಿ ಕಳೆದುಕೊಳ್ಳಲು ಎಲ್ಲರೂ ಸಿದ್ಧರಿರುವುದಿಲ್ಲ.

ಡಿಜಿಟಲ್ ಸ್ಪರ್ಧಾ ಮಸೂದೆಯ ಬಗ್ಗೆ ಕೇಳಿರಬಹುದು. 2024ರ ಮಾರ್ಚ್‌ನಲ್ಲಿ ಪ್ರಕಟವಾದ ಕರಡಿನಲ್ಲಿ, ಹಾನಿಯಾಗುವವರೆಗೆ ಕಾಯದೆ ದೈತ್ಯ ಕಂಪನಿಗಳಿಗೆ ಜೋಡಿ ಮಾರಾಟದಂಥ ನಡೆಗಳನ್ನು ಮೊದಲೇ ನಿರ್ಬಂಧಿಸುವ ಆಲೋಚನೆಯಿತ್ತು. ನಿಮ್ಮಂಥವರ ಸಮಸ್ಯೆಗೆ ಸರಿಯಾದ ಮದ್ದು ಆ ದಿಕ್ಕಿನಲ್ಲಿದೆ ಎಂದೇ ನನ್ನ ನಂಬಿಕೆ, ಏಕೆಂದರೆ ಮೇಲೆ ಹೇಳಿದ ವರ್ಷಗಳ ಲೆಕ್ಕಕ್ಕೆ ಬೇರೆ ಉತ್ತರ ನನಗೆ ಕಾಣುತ್ತಿಲ್ಲ. ಆದರೆ ಕರಡು ಕಾನೂನಲ್ಲ, ಅದನ್ನು ನಂಬಿ ಮುಂದಿನ ವರ್ಷದ ಬಜೆಟ್ ಬರೆಯಬೇಡಿ. ವ್ಯಾಪಾರದ ಬಗ್ಗೆ ಹೇಳುವ ಅಧಿಕಾರ ನನಗಿಲ್ಲವಾದರೂ, ಹಿಂದಿ ಮತ್ತು ತಮಿಳಿನ ಕಾರ್ಮಿಕರಿಗೆ ಅವರದೇ ಮಾತಿನಲ್ಲಿ ಸುರಕ್ಷತಾ ಸೂಚನೆ ತಲುಪಿಸುವುದು ನಿಮ್ಮ ಬಲ, ಅದನ್ನು ಬಿಟ್ಟು ಬೆಲೆ ಇಳಿಸುವ ಪೈಪೋಟಿಗೆ ಇಳಿಯಬೇಡಿ ಎಂದಷ್ಟೇ ಹೇಳುತ್ತೇನೆ.

ಕೊನೆಯದಾಗಿ ಒಂದು ತಾರೀಖಿನ ವಿಷಯ. 2023ರ ತಿದ್ದುಪಡಿಯಿಂದಾಗಿ, ವಿವಾದಕ್ಕೆ ಕಾರಣವಾದ ಘಟನೆ ನಡೆದ ಮೂರು ವರ್ಷದೊಳಗೆ ಮಾಹಿತಿ ಸಲ್ಲಿಸಬೇಕು. ತಡವಾದರೆ ತಕ್ಕ ಕಾರಣ ತೋರಿಸಿ ಮನ್ನಿಸುವಂತೆ ಕೇಳಬೇಕಾಗುತ್ತದೆ. ನಿಮ್ಮ ಪತ್ರದ ಪ್ರಕಾರ ಎರಡು ವರ್ಷ ಈಗಾಗಲೇ ಕಳೆದಿದೆ. ಆ ಸೌಲಭ್ಯ ಪ್ಯಾಕೇಜಿಗೆ ಸೇರಿದ ನಿಖರ ದಿನವನ್ನು ಪಾಲುದಾರರಿಗೆ ಬಂದ ಸುತ್ತೋಲೆಯಿಂದ ತೆಗೆದಿಡಿ. ಬಿಟ್ಟುಹೋದ ಗ್ರಾಹಕರ ಇಮೇಲ್‌ಗಳನ್ನು, ಅದರಲ್ಲೂ ‘ನಿಮ್ಮದೇ ಚೆನ್ನಾಗಿದೆ, ಆದರೆ ಇದು ಜೊತೆಯಲ್ಲೇ ಬರುತ್ತದೆ’ ಎಂಬ ಅರ್ಥದವುಗಳನ್ನು, ತಾರೀಖಿನ ಕ್ರಮದಲ್ಲಿ ಜೋಡಿಸಿ. ಬೆಲೆ ವಿಚಾರಿಸುವ ಪತ್ರವನ್ನು ಈ ವಾರವೇ ಕಳುಹಿಸಿ, ಉತ್ತರಕ್ಕೆ 30 ದಿನ ಕೊಡಿ.